ಹೊಸಬನ ಎಡಗೈ

ಗುರುಗಳಿಗೆ ನಮಸ್ಕಾರ.

ಎದುರು ನಿಂತು ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ. ಗ್ಲೌಸ್ ಹಾಕುವ ಮುಂಚೆ ನನ್ನ ಕೈಗೆ ಪಟ್ಟಿ ಸುತ್ತುತ್ತಿದ್ದವರು, ನಾನು ಬಾಕ್ಸಿಂಗ್ ಪಂದ್ಯ ಸೋತ ಮೇಲೆ ನೀವು ಹೊಸಬನ ಕೈಗೆ ಸುತ್ತುತ್ತೀರಿ. ನನಗೆ, "ನಿಂಗೇ ಸುತ್ಕೊಳ್ಳೋಕೆ ಬರುತ್ತಲ್ಲೋ" ಅಂದಿರಿ. ಬರುತ್ತದೆ. ಆದರೂ ಹೊಟ್ಟೆ ಉರಿಯಿತು.

ಈಗ ಅವನ ಅಭ್ಯಾಸಕ್ಕೆ ಏಟು ತಿನ್ನುವುದೇ ನನ್ನ ಕೆಲಸ. ಬಲಗೈಯಲ್ಲಿ ಗುದ್ದುವಾಗ ಮುಖ ಕಾಯಬೇಕಾದ ಅವನ ಎಡಗೈ ಕೆನ್ನೆಯಿಂದ ಕೆಳಗೆ ಜಾರುತ್ತದೆ. ನಾನು ಸೋತದ್ದೂ ಅದೇ ತಪ್ಪಿನಿಂದ. ಮೂರು ವಾರದಿಂದ ನೋಡಿಯೂ ಸುಮ್ಮನಿದ್ದೆ. ಅವನೂ ಸೋಲಲಿ ಎಂದೇ ಮನಸ್ಸಿನಲ್ಲಿತ್ತು.

ನಿನ್ನೆ ಅವನೇ ಕೇಳಿದ: "ಅಣ್ಣಾ, ನನ್ನಲ್ಲೇನಾದ್ರೂ ತಪ್ಪು ಕಾಣ್ಸುತ್ತಾ?"

"ಏನಿಲ್ಲ, ಚೆನ್ನಾಗೇ ಹೊಡೀತೀಯ" ಅಂದುಬಿಟ್ಟೆ. ಆಮೇಲೆ ಊಟ ಸೇರಲಿಲ್ಲ.

ಭಾನುವಾರ ಅವನ ಪಂದ್ಯ. ಅಷ್ಟರೊಳಗೆ ನೀವೇ ತಿದ್ದಿ. ನಾನು ಹೇಳಿದೆನೆಂದು ಹೇಳಬೇಡಿ. ನಾಳೆ ಒಂದು ದಿನ ನನ್ನ ಕೈಗೂ ನೀವೇ ಪಟ್ಟಿ ಸುತ್ತಿ. ಅವನು ನೋಡುತ್ತಿರುವಾಗಲೇ ಸುತ್ತಿ.

ಇಂತಿ,
ನಿಮ್ಮ ಮೊದಲನೆಯ ಶಿಷ್ಯ