ಒಂಬತ್ತು ತಾತಂದಿರು

ಆಫೀಸಿನ ಮೂರನೇ ಮಹಡಿ,
ಶುಕ್ರವಾರ ಮಧ್ಯಾಹ್ನ

ನನ್ನ ಮುದ್ದು ತಂಗೀ,

ಕಾಲಿನ ಊತ ಇಳಿಯಿತೇ? ಎಂಟು ತಿಂಗಳು ತುಂಬಿತು, ಮೆಟ್ಟಿಲು ಹತ್ತಿ ಸಾಹಸ ತೋರಿಸಬೇಡ. ನೀನು ಹೆರಿಗೆಗೆ ಸೇರುವ ಆಸ್ಪತ್ರೆಗೂ ರೋಗಿಗಳ ದಾಖಲೆ ಇಡಲು ನಾವು ಬರೆದ ಕಂಪ್ಯೂಟರ್ ಪ್ರೋಗ್ರಾಮೇ ಬರುತ್ತದೆಂದು ಬೀದಿಗೆಲ್ಲ ಸಾರಿದೆಯಂತೆ. ಆ ಡಂಗುರ ನಿಲ್ಲಿಸು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಗುತ್ತೀಯ, ಅದಕ್ಕೇ ಈ ಕಾಗದ.

ನಮ್ಮ ತಂಡಕ್ಕೊಬ್ಬ ನಾಯಕನಿದ್ದಾನೆ. ನಾವು ಮಹಾಪ್ರಭು ಎನ್ನುತ್ತೇವೆ. ಕುರ್ಚಿಯಲ್ಲಿ ಅವನು ಕೂರುವುದಿಲ್ಲ, ಪಟ್ಟಾಭಿಷಿಕ್ತನಾಗುತ್ತಾನೆ! ರೋಗಿಗೂ ಅವನ ಒಂದೊಂದು ಭೇಟಿಗೂ ಇರುವ ಸಂಬಂಧವನ್ನು ದಾಖಲೆಗಳ ಕಣಜವಾದ ಡೇಟಾಬೇಸಿಗೆ ತಿಳಿಸಲು ಎರಡು ದಾರಿ. ರೆಫರೆನ್ಸ್ ಎಂದರೆ, ರೋಗಿಯ ವಿವರ ಒಂದೇ ಕಡೆ ಇರುತ್ತದೆ, ಭೇಟಿಯ ಹಾಳೆ ಅತ್ತ ಬೆರಳು ತೋರಿಸುತ್ತದೆ. ಎಂಬೆಡ್ ಎಂದರೆ, ರೋಗಿಯ ನಕಲನ್ನೇ ಪ್ರತಿ ಹಾಳೆಯ ಹೊಟ್ಟೆಗೆ ತುರುಕುವುದು. ಮಹಾಪ್ರಭು ಅಪ್ಪಣೆ ಕೊಡಿಸಿದ: "ಇದು ಡಾಕ್ಯುಮೆಂಟ್ ಡೇಟಾಬೇಸ್ ಕಣಮ್ಮ, ಎಲ್ಲಾನೂ ಒಳಗೇ ತುಂಬು. ಬೆರಳು ತೋರ್ಸೋದೆಲ್ಲ ಹಳೇ ಕಾಲದ್ದು." ಈ ಮಹಾಜ್ಞಾನಿ ಓದಿದ್ದು ಯಾವುದೋ ಒಂದು ಪುಟ, ಅದರಲ್ಲೂ ಮೇಲಿನ ಅರ್ಧ.

ಫಲವೇನು? ಈಗಾಗಲೇ ನಮ್ಮ ಪ್ರೋಗ್ರಾಂ ಬಳಸುವ ಒಂದು ಆಸ್ಪತ್ರೆಯಲ್ಲಿ ಒಬ್ಬ ತಾತ, ಒಂಬತ್ತು ಭೇಟಿ, ಒಂಬತ್ತು ತಾತಂದಿರು. ಒಂಬತ್ತನೇ ಸಲ ಒಂದು ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತು. ಡಾಕ್ಟರಮ್ಮ 'ಇದು ಆಗದು' ಎಂದು ಬರೆದದ್ದು ಒಂಬತ್ತನೇ ತಾತನ ಹಾಳೆಯಲ್ಲಿ ಮಾತ್ರ. ಮೊನ್ನೆ ತಾತ ಮತ್ತೆ ಬಂದಾಗ ನಮ್ಮ ಪ್ರೋಗ್ರಾಂ ಹೊಸ ಹಾಳೆಗೆ ಮೊದಲನೇ ತಾತನನ್ನು ನಕಲು ಮಾಡಿಟ್ಟಿತು. ಅಲರ್ಜಿ: ಏನೂ ಇಲ್ಲ. ಅದೇ ಸೂಜಿ ಸಿದ್ಧವಾಯಿತು. ಹಿರಿಯ ನರ್ಸೊಬ್ಬರು ಪರದೆಗೆ ಕವಡೆ ಕಿಮ್ಮತ್ತೂ ಕೊಡದೆ, "ಅದು ಏನಾದ್ರೂ ಅನ್ಲಿ ತಾತ, ನೀವ್ ಹೇಳಿ, ಯಾವ್ದು ಆಗಲ್ಲ?" ಎಂದು ಕೇಳಿದ್ದಕ್ಕೆ ಜೀವ ಉಳಿಯಿತು. ಮಹಾಪ್ರಭುವಿನ ತೀರ್ಪು ಕೇಳು: ನರ್ಸಿಗೆ ತರಬೇತಿ ಸಾಲದಂತೆ.

ಹೊತ್ತಿಗೆ ಸರಿಯಾಗಿ ಉಣ್ಣು, ಎಡಮಗ್ಗುಲಿಗೆ ಮಲಗು. ನಿನ್ನ ಯಜಮಾನರಿಗೆ ನನ್ನ ನೆನಪು ಹೇಳು. ತಾಯಿ ಮಗು ಇಬ್ಬರೂ ನೂರು ಕಾಲ ಬಾಳಿ.

ನಿನ್ನ ದೊಡ್ಡ ಗಂಟಲಿನ
ಅಕ್ಕ

ಮರೆತಿದ್ದೆ: 'ಎಂಬೆಡ್' ಎಂದು ಟೈಪ್ ಮಾಡಿದವಳು ನಾನೇ. ತಪ್ಪೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಈಗ ತಿದ್ದುತ್ತೇನೆಂದರೆ ಮಹಾಪ್ರಭು ಬಿಡುತ್ತಿಲ್ಲ, ಸೋಮವಾರ ನಿನ್ನ ಆಸ್ಪತ್ರೆಗೂ ಅದೇ ಹೋಗುತ್ತದೆ. ಕಳೆದ ತಿಂಗಳು ನಿನಗೆ ಆಗಿಬರದ ಮಾತ್ರೆಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಕೈಯಲ್ಲೇ ಇಟ್ಟುಕೋ. ಪರದೆ ನೋಡಿ 'ಏನೂ ಇಲ್ಲವಲ್ಲ' ಎಂದವರಿಗೆ ಆ ಚೀಟಿ ಕೊಟ್ಟು ಹೇಳು: ಈ ಪ್ರೋಗ್ರಾಂ ಬರೆದೋಳು ನಮ್ಮಕ್ಕ, ಅದನ್ನ ನಂಬಬೇಡಿ ಅಂತ ಅವಳೇ ಹೇಳಿದಾಳೆ.