ಕೂಗಳತೆಯ ಕಾಳಗ

ಅಣ್ಣಾ,

ಚೌಕ ಎಣಿಸಿ ದೂರ ಅಳೆಯಲು ಊಟದ ಮೇಜಿಗೆ ನೀನು ಅಂಟಿಸಿದ್ದ ಚೌಕಳಿ ಹಾಳೆಯನ್ನು ಕಿತ್ತು ನಿನ್ನ ಮಂಚದ ಮೇಲಿಟ್ಟಿದ್ದೇನೆ. ಎಲ್ಲರೂ ಸೇರಿ ಕಥೆ ಕಟ್ಟುತ್ತಾ ಆಡುವ ಸಂಜೆಯ ದಾಳದಾಟದಲ್ಲಿ ಕಥೆ ನಡೆಸುವವಳು ನಾನು. ಕಾಳಗದಲ್ಲಿ ಯಾರು ಎಷ್ಟು ದೂರ ಇದ್ದಾರೆ ಅಂತ ಹೇಳುವವಳೂ ನಾನೇ. ನಿನ್ನ ಸರ್ವೆ ಟೇಪು ಆಫೀಸಿನ ಚೀಲದಲ್ಲೇ ಇರಲಿ.

ಅಳತೆ ಮೂರೇ. ವೈರಿ ಕೈಯಳತೆಯಲ್ಲಿದ್ದರೆ ಕತ್ತಿ ಬೀಸು, ಕೂಗಳತೆಯಲ್ಲಿದ್ದರೆ ಬಾಣ ಬಿಡು, ಕಣ್ಣಳತೆಯಲ್ಲಿದ್ದರೆ ಮೊದಲು ಓಡಿ ಹತ್ತಿರ ಹೋಗು.

ಹೋದ ವಾರ ಆಟದ ನಡುವೆ ಎಲ್ಲರೆದುರು, "ನಿನ್ನ ಕೂಗು ಅಡುಗೆಮನೆಗೇ ಕೇಳಲ್ಲ, ಕೂಗಳತೆಯಂತೆ!" ಅಂದೆಯಲ್ಲ, ಆಗ ನಾನು ಎದ್ದು ಕೋಣೆ ಸೇರಿಬಿಟ್ಟೆ. ಡೈರಿಯಲ್ಲಿ ನಾಲ್ಕು ಪುಟ ನಿನ್ನನ್ನು ಬೈದರೂ ಉರಿ ತಣಿದಿಲ್ಲ.

ಐದಕ್ಕೆ ಬರುತ್ತೇನೆ. ಅಷ್ಟರಲ್ಲಿ ಆರು ಕುರ್ಚಿ ಹಾಕಿಡು. ಮೇಜಿನ ತುದಿಯದು ನನ್ನದು. ಅಲ್ಲಿಂದ ನನ್ನ ಮಾತು ಕೇಳಿಸದಿದ್ದರೆ ನಿನ್ನ ಕುರ್ಚಿಯನ್ನು ಹತ್ತಿರ ಎಳೆದುಕೋ. ಇವತ್ತು ನಾನಂತೂ ಏಳುವುದಿಲ್ಲ.