ಲೈನಿಂಗ್ ಹಿಂದಿನ ಕಾಗದ

೧೪-೯-೧೯೮೬, ಭಾನುವಾರ, ಕಾಮಾಕ್ಷಿಪಾಳ್ಯ

"ಮೇಲೆ ಪಾಲಿಷ್ ಹಾಕಿದ್ರೆ ಸಾಕು ಕಣೇ, ಒಳಗೆಲ್ಲಾ ಬಿಚ್ಬೇಡ" ಎಂದೇ ಲಕ್ಷ್ಮಿದೇವಮ್ಮ ಅತ್ತಿಗೆ ತಮ್ಮ ಹಳೆಯ ಚರ್ಮದ ಬ್ಯಾಗು ಕೊಟ್ಟಿದ್ದರು. ಒರೆಸಿ, ನೆರಳಲ್ಲಿ ಒಣಗಿಸಿ, ಎಣ್ಣೆ ಸವರಿದರೂ ಮುಗ್ಗಲು ವಾಸನೆ ಹೋಗಲಿಲ್ಲ. ಇಂದು ಒಳಗಿನ ಲೈನಿಂಗ್ ಬಟ್ಟೆ ಬಿಚ್ಚಿದೆ. ಅದರ ಹಿಂದೆ ನನ್ನದೇ ಕಾಗದ, ಲಕೋಟೆ ಒಡೆದಿದೆ! ಕ್ಷಮಿಸೆಂದು ಅಕ್ಕನಿಗೆ ಬರೆದು, ಅಂಚೆಗೆ ಹಾಕಲು ಅತ್ತಿಗೆಯ ಕೈಗೆ ಕೊಟ್ಟಿದ್ದು. "ಆವತ್ತೇ ಡಬ್ಬಕ್ಕೆ ಹಾಕ್ದೆ" ಎಂದಿದ್ದರು. ಉತ್ತರ ಬರಲಿಲ್ಲವೆಂದು ನಾಲ್ಕು ವರ್ಷ ಅಕ್ಕನನ್ನೇ ಬೈದುಕೊಂಡೆ; ಅವಳ ಮಗಳ ಮದುವೆಗೂ ಹೋಗಲಿಲ್ಲ.

ಹರಿದ ಕಡೆ ಜಾರಿ ಒಳಗೆ ಬಿದ್ದಿತ್ತು ಎಂದುಕೊಳ್ಳಲೂ ಆಗದು. ಲೈನಿಂಗ್ ಎಲ್ಲೂ ಹರಿದಿರಲಿಲ್ಲ. ಒಂದು ಅಂಚಿನಲ್ಲಿ ಮಾತ್ರ ಬಿಚ್ಚಿ, ಮತ್ತೆ ಕೈಯಲ್ಲಿ ಹೊಲಿದಿದ್ದರು. ಎಷ್ಟು ಸಣ್ಣ, ನೀಟಾದ ಹೊಲಿಗೆ! ಅತ್ತಿಗೆಗೆ ಅದನ್ನು ಕಲಿಸಿದವಳು ನಾನೇ.